‘ಈಸ್’ ಏನು ಕೆಲಸ ಮಾಡುತ್ತದೆ?

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತಶಾಸ್ತ್ರ. ಸೇಡಂ ತಾಲೂಕಿನ ಆಡಕಿಯಲ್ಲಿ ಬೋಧನಾಭ್ಯಾಸ ನಡೆಸಿದಾಗ ಎಂಟನೇ ತರಗತಿಯ ಇಂಗ್ಲಿಷ್ ಅವಧಿಗಳೂ ಕೆಲವು ದಿನ ನನ್ನ ಪಾಲಿಗೆ ಬಂದವು. ಘಟಕ: ಆಕ್ಷನ್ ವರ್ಬ್ ಮತ್ತು ಲಿಂಕಿಂಗ್ ವರ್ಬ್.

ರನ್, ಈಟ್, ರೈಟ್ ಮಕ್ಕಳಿಗೆ ಸುಲಭವಾಗಿ ತಿಳಿದವು. ‘ಹೀ ಈಸ್ ಮೈ ಬ್ರದರ್’ ಎಂದು ಬರೆದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ಕೆಲ್ಸಾ ಹೇಳೋದು ಕ್ರಿಯಾಪದ ಅಂತೀರಿ. ಈಸ್ ಏನ್ ಕೆಲ್ಸಾ ಮಾಡ್ತದ್ರಿ?”

ಈ ಪ್ರಶ್ನೆ ಹುಟ್ಟುವುದು ಸಹಜ. ‘ಕ್ರಿಯಾಪದ’ ಎಂಬ ಹೆಸರಲ್ಲೇ ಕ್ರಿಯೆ ಇದೆ. ಮೇಲಾಗಿ, ಕನ್ನಡದಲ್ಲಿ ‘ಇವ ನನ್ನ ತಮ್ಮ’ ಎಂದರೆ ಕ್ರಿಯಾಪದವಿಲ್ಲದೆಯೇ ವಾಕ್ಯ ಪೂರ್ಣ. ತೆಲಂಗಾಣದ ಗಡಿಗೆ ಹತ್ತಿಕೊಂಡ ತಾಲೂಕಿದು. ಕೆಲವರ ಮನೆಮಾತಾದ ತೆಲುಗಿನಲ್ಲೂ ಹಾಗೆಯೇ. ‘ಹೀ ಮೈ ಬ್ರದರ್’, ‘ಶಹಾಬಾದ್ ಎ ಟೌನ್’ ಎಂದು ಬರೆಯುವ ಮಗು ಅಲಕ್ಷ್ಯ ಮಾಡಿಲ್ಲ. ತನ್ನ ಭಾಷೆಯ ನಿಯಮ ಪಾಲಿಸಿದೆ. ಬರೀ ಕೆಂಪು ಗೆರೆ ಎಳೆದರೆ ಅದಕ್ಕೆ ಕಾರಣ ತಿಳಿಯದು.

ನೆರವು ತರಗತಿಯಲ್ಲೇ ಇತ್ತು. ಉರ್ದು ಮನೆಮಾತಿನ ಹುಡುಗನಿಗೆ ಅದೇ ವಾಕ್ಯ ಹೇಳಲು ಕೇಳಿದೆ. “ವೋ ಮೇರಾ ಭಾಯಿ ಹೈ” ಎಂದ. ಆ ‘ಹೈ’ ಎಲ್ಲರಿಗೂ ಹಿಂದಿ ಪಾಠದಿಂದ ಗೊತ್ತು. ಕನ್ನಡದಲ್ಲೂ ಕೊಂಡಿ ಪೂರ್ತಿ ಇಲ್ಲವೆಂದಲ್ಲ: ‘ಇವ ನನ್ನ ತಮ್ಮ ಅಲ್ಲ’, ‘ಅವರು ಮೊದಲು ಹೆಡ್‌ಮಾಸ್ತರ್ ಇದ್ರು’, ‘ನೀರು ತಣ್ಣಗ ಅದ’. ಇಂಥ ಕಡೆ ಅದು ಹೊರಗೆ ಬರುತ್ತದೆ. ಇಂಗ್ಲಿಷ್ ಮಾತ್ರ ಎಲ್ಲ ಕಡೆ ಅದನ್ನು ಕೇಳುತ್ತದೆ.

ಗಣಿತದವನಾದ್ದರಿಂದ ‘ಹೀ = ಮೈ ಬ್ರದರ್’ ಎಂದು ಸಮ ಚಿಹ್ನೆ ಹಾಕಿ ತೋರಿಸಿದೆ. ನಂತರ ಎರಡು ವಾಕ್ಯ ಕೊಟ್ಟೆ: ‘ಮದರ್ ಟೇಸ್ಟ್ಸ್ ದ ದಾಲ್’, ‘ದ ದಾಲ್ ಟೇಸ್ಟ್ಸ್ ಗುಡ್’. ಪದ ಒಂದೇ, ಕೆಲಸ ಬೇರೆ. ‘ಟೇಸ್ಟ್ಸ್’ ತೆಗೆದು ‘ಈಸ್’ ಇಡಿಸಿದೆ. ‘ದ ದಾಲ್ ಈಸ್ ಗುಡ್’ ಸರಿಹೋಯಿತು. ‘ಮದರ್ ಈಸ್ ದ ದಾಲ್’ ಓದಿ ತರಗತಿಯೆಲ್ಲ ನಕ್ಕಿತು. ಕನ್ನಡಕ್ಕೆ ತಂದರೂ ವ್ಯತ್ಯಾಸ ಸ್ಪಷ್ಟ: ಅವ್ವ ಬ್ಯಾಳಿ ರುಚಿ ನೋಡ್ತಾಳ, ಬ್ಯಾಳಿ ರುಚಿ ಅದ. ತೊಗರಿ ನಾಡಿನ ಮಕ್ಕಳಿಗೆ ಬೇರೆ ಉದಾಹರಣೆ ಬೇಕಾಗಲಿಲ್ಲ.

‘ದ ಸ್ಕೈ ಗ್ರೂ ಡಾರ್ಕ್’ ಎಂಬಲ್ಲಿ ಸಮ ಚಿಹ್ನೆ ಸಾಲದು, ಏಕೆಂದರೆ ಅಲ್ಲಿ ಬದಲಾವಣೆ ಇದೆ: ಮುಗಿಲು ಕಪ್ಪಾಯಿತು. ರಾಸಾಯನಿಕ ಸಮೀಕರಣದ ಬಾಣ ಅದಕ್ಕೆ ಒಪ್ಪಿತು. ‘ಫಾರ್ಮರ್ಸ್ ಗ್ರೋ ಕ್ರಾಪ್ಸ್’ ಎಂದಾಗ ಅದೇ ‘ಗ್ರೋ’ ಕ್ರಿಯೆ. ‘ಹೀ ಈಸ್ ರನ್ನಿಂಗ್’ನಲ್ಲಿ ‘ಈಸ್’ ಕೊಂಡಿಯಲ್ಲ, ಸಹಾಯಕ. ಇದನ್ನು ಬೇರೆ ಅವಧಿಗೆ ಇಟ್ಟುಕೊಳ್ಳುವುದು ಒಳಿತು.

ಕೊನೆಯ ದಿನ ಸ್ವಂತ ವಾಕ್ಯ ಬರೆಸಿದೆ. ಚಿಕ್ಕ ವಾಕ್ಯಗಳಲ್ಲಿ ಹೆಚ್ಚಿನವರು ‘ಈಸ್’ ಬರೆದಿದ್ದರು. ‘ದ ಸ್ಕೂಲ್ ನಿಯರ್ ದ ರೋಡ್ ಬಿಗ್’ ಎಂಬಂಥ ಉದ್ದ ವಾಕ್ಯಗಳಲ್ಲಿ ಅದು ಇನ್ನೂ ಬಿಟ್ಟುಹೋಗುತ್ತಿತ್ತು. ಈ ಘಟಕ ಬೋಧಿಸುವ ಸಹಪಾಠಿಗಳು ಮೊದಲ ಅವಧಿಯಲ್ಲಿ ಮಕ್ಕಳ ಮನೆಮಾತಿನ ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆಸಿಕೊಳ್ಳಿ. ಉದ್ದ ವಾಕ್ಯಗಳ ಅಭ್ಯಾಸಕ್ಕೆ ಇನ್ನೊಂದು ಅವಧಿ ತೆಗೆದಿಡಿ.