ಬಾಗಿನ, ಸೀರೆ ಮತ್ತು ಒಂದು ಸೈನು

ನಮ್ಮ ಮಹಾಲಕ್ಷ್ಮಿ ಲೇಔಟಿನಲ್ಲಿ ಹಳೇ ಮನೆಗಳು ಒಂದೊಂದಾಗಿ ಉರುಳಿ, ಅದೇ ಜಾಗದಲ್ಲಿ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಏಳ್ತಿವೆ. ಹೊಸ ಕಟ್ಟಡ ಕಂಡಾಗೆಲ್ಲ ನಂಗೊಂದು ಕೆಟ್ಟ ಕುತೂಹಲ... ಈ ಮನೆ ಹೆಣ್ಮಕ್ಳು ಸೈನ್ ಹಾಕಿ ಎಷ್ಟು ವರ್ಷ ಆಗಿರಬಹುದು?

ಸೈನ್ ಅಂದ್ರೆ ಹಕ್ಕು ಬಿಡುಗಡೆ ಪತ್ರಕ್ಕೆ. "ನನ್ನ ಪಾಲು ನಂಗೆ ಬೇಡ, ಅಣ್ಣತಮ್ಮಂದಿರಿಗೇ ಇರಲಿ" ಅಂತ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬರೆದುಕೊಡೋದು.

ನಮ್ಮ ಪಕ್ಕದ ರಸ್ತೆಯ ಆಂಟಿಯೊಬ್ರು ಹಾಗೆ ಬರೆದುಕೊಟ್ಟವರು. ಅಪ್ಪ ಸಂಬಳದಲ್ಲಿ ಉಳಿಸಿ ಕಟ್ಟಿಸಿದ ಮನೆ, ವಿಲ್ ಇರಲಿಲ್ಲ. ಅಣ್ಣಂದಿರು ಒಂದು ರೇಷ್ಮೆ ಸೀರೆ ಕೊಟ್ಟು ಸೈನ್ ಹಾಕಿಸ್ಕೊಂಡ್ರು. ಈಗ ಆ ಜಾಗದಲ್ಲಿ ಆರು ಮನೆ ಬಾಡಿಗೆ ಬರುತ್ತೆ, ಆಂಟಿ ಇನ್ನೂ ಬಾಡಿಗೆ ಮನೇಲೇ ಇದಾರೆ. "ಯಾಕೆ ಆಂಟಿ, ಓದಿ ನೋಡ್ಲಿಲ್ವಾ?" ಅಂತ ಕೇಳಿದ್ರೆ, "ಓದಿದ್ದೆ ಕಣೇ. ಹಾಕ್ದೆ ಇದ್ರೆ ಗೌರಿ ಹಬ್ಬಕ್ಕೆ ನನ್ನ ಕರೆಯೋರು ಯಾರು?" ಅಂದ್ರು. ನಂಗೆ ಮಾತೇ ಹೊರಡ್ಲಿಲ್ಲ.

ಕಾನೂನು ಇಲ್ವಾ ಅಂದ್ರೆ, ಬೇಕಾದಷ್ಟಿದೆ! ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯಿದೆ ಬಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ, ಅಪ್ಪ ಸ್ವಂತ ದುಡಿಮೆಯ ಆಸ್ತಿಗೆ ವಿಲ್ ಬರೆಯದೇ ತೀರಿಕೊಂಡರೆ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಆದ್ರೆ ಒಂದು ಕೊಕ್ಕೆ ಇತ್ತು: ಮನೆಯವರು ವಾಸವಿರೋ ಮನೆಯಾದ್ರೆ, ಗಂಡುಮಕ್ಕಳು ಭಾಗ ಮಾಡ್ಕೊಳ್ಳೋವರೆಗೂ ಹೆಣ್ಮಕ್ಳು ಕೇಳೋ ಹಾಗಿರ್ಲಿಲ್ಲ. ಅದು ಹೋಗಿದ್ದು 2005ರಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಕರ್ನಾಟಕ 1994ರಲ್ಲೇ ಮಗಳಿಗೆ ಸಮಪಾಲು ಕೊಟ್ಟಿತು, ಆದ್ರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನ ಹೊರಗಿಟ್ಟಿತು. ಆ ಬೇಲಿ ಕಿತ್ತಿದ್ದೂ 2005ರ ಕೇಂದ್ರದ ತಿದ್ದುಪಡಿಯೇ. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇಷ್ಟೆಲ್ಲ ಆದ್ಮೇಲೂ ಒಂದು ಸೈನಿನಲ್ಲಿ ಎಲ್ಲ ಮುಗಿದುಹೋಗುತ್ತೆ ನೋಡಿ. ಪಾಲು ಕೇಳಿದವಳು ದುರಾಸೆಯವಳು, ಬಿಟ್ಟುಕೊಟ್ಟವಳು ಚಿನ್ನದಂಥ ಹುಡುಗಿ. ಅಣ್ಣ ತನ್ನ ಪಾಲು ತಗೊಂಡ್ರೆ ಮಾತ್ರ ಅದಕ್ಕೆ ಯಾವ ಹೆಸರೂ ಇಲ್ಲ!

"ಮದುವೆಗೆ ಖರ್ಚು ಮಾಡಿಲ್ವಾ?" ಅಂತಾರೆ. ಛತ್ರ, ಊಟ, ವಾಲಗದ ದುಡ್ಡು ಅವಳ ಕೈಗೆ ಬಂತಾ? ವರದಕ್ಷಿಣೆ ಕೊಟ್ಟಿದ್ರೆ ಅದು ಹೋಗಿದ್ದು ಗಂಡನ ಮನೆಗೆ, 1961ರಿಂದ ಅದು ಅಪರಾಧ ಬೇರೆ. ಅಣ್ಣನ ಮದುವೆಯ ಖರ್ಚನ್ನ ಅವನ ಪಾಲಿನಲ್ಲಿ ಕಳೆದಿದ್ದನ್ನಂತೂ ನಾನು ನೋಡಿಲ್ಲ.

ಮನಸಾರೆ ಬಿಟ್ಟುಕೊಡೋದು ತಪ್ಪು ಅಂತಲ್ಲ. ಅಪ್ಪ ಅಮ್ಮನನ್ನ ಒಬ್ಬನೇ ನೋಡ್ಕೊಂಡ ಅಣ್ಣನಿಗೆ ತಂಗಿ ಕೊಟ್ರೆ ಅದು ಅವಳ ಇಷ್ಟ. ಆದ್ರೆ ಕಾಗದ ಮುಂದಿಡೋ ಮುಂಚೆ ಪೂರ್ತಿ ಓದಿ ಹೇಳಿ, ಸೈಟಿನ ಇವತ್ತಿನ ಬೆಲೆ ಹೇಳಿ, ಒಂದು ತಿಂಗಳು ಟೈಮ್ ಕೊಡಿ. "ನೀನು ಏನೇ ಹೇಳಿದ್ರೂ ಗೌರಿ ಬಾಗಿನ ತಪ್ಪಲ್ಲ" ಅಂತಾನೂ ಹೇಳಿ. ಆಮೇಲೂ ಅವಳು ಬೇಡ ಅಂದ್ರೆ ಅದು ಪ್ರೀತಿ. ಇಲ್ದಿದ್ರೆ ಅದಕ್ಕೆ ಬೇರೆ ಹೆಸರಿದೆ... ಏನಂತೀರಾ?