ಸೇಮಿಗೆಯ ಪುನರ್ಜನ್ಮ

ಸೋಬವೆಂದರೆ ಬಕ್‌ವೀಟ್ ಧಾನ್ಯವಾದರೂ, ಗೋಧಿಯ ಎಳೆಗಳನ್ನೇ ಎಲೆಕೋಸಿನೊಡನೆ ಕಾದ ಕಬ್ಬಿಣದ ಹಂಚಿನ ಮೇಲೆ ಬಾಡಿಸಿ ಹುಳಿಸಿಹಿ ರಸವೆರೆದು ಮಾಡುವ ಜಪಾನೀಯರ ಯಾಕಿಸೋಬವನ್ನು ಕುರಿತು ಓದುತ್ತಿರಲು, ಮನಸ್ಸು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡುಗೆಮನೆಗಳತ್ತ ಹರಿಯಿತು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು, ಉಂಡೆಕಟ್ಟಿ, ಹಬೆಯಲ್ಲಿ ಬೇಯಿಸಿ, ಬಿಸಿಯಾರುವ ಮುನ್ನವೇ ಒಬ್ಬರು ಮಣೆಯಲ್ಲಿ ಒತ್ತುತ್ತಿರಲು ಮತ್ತೊಬ್ಬರು ಬಾಳೆಯೆಲೆಯಲ್ಲಿ ಸುರುಳಿಯಾಗಿ ಹಿಡಿಯುವ ಸೇಮಿಗೆಯು, ಬೆಳಗ್ಗೆ ಬೆಲ್ಲದ ಕಾಯಿಹಾಲಿನೊಡನೆ ತೃಪ್ತಿಯನ್ನಿತ್ತು, ಉಳಿದುದು ಸಂಜೆಗೆ ತೆಂಗಿನೆಣ್ಣೆ, ಸಾಸಿವೆ, ಉದ್ದಿನಬೇಳೆ, ಕರಿಬೇವುಗಳ ಒಗ್ಗರಣೆಯಲ್ಲಿ ಪುನರ್ಜನ್ಮವನ್ನು ಪಡೆಯುತ್ತದೆ. ಒಗ್ಗರಣೆಯನ್ನು ಒಬ್ಬರೇ ಹಾಕಬಹುದು. ಒತ್ತುವುದಕ್ಕೆ ಮಾತ್ರ ಮನೆಯಲ್ಲಿ ಇಬ್ಬರಿರಬೇಕು. ಅಟ್ಟವನ್ನು ಸೇರಿದ ಆ ಮಣೆಯನ್ನು ಈ ಮಳೆಗಾಲದಲ್ಲಾದರೂ ಕೆಳಗಿಳಿಸೋಣ.