ಚೀಲ ತೆಗೆದ ಮೇಲೂ ಉಳಿದ ಕಲ್ಲು

ನಮ್ಮ ಸೋದರತ್ತೆಗೆ ಪಿತ್ತಕೋಶದ ಆಪರೇಷನ್ ಆಗಿ ವರ್ಷ ಕಳೆದಿತ್ತು. ಆ ಮಳೆಗಾಲದಲ್ಲಿ ಮತ್ತೆ ಅದೇ ನೋವು: ಬಲಪಕ್ಕೆಯ ಕೆಳಗೆ ಹುಟ್ಟಿ ಬೆನ್ನಿಗೆ ಹತ್ತುವಂಥದ್ದು. ಕಣ್ಣು ಹಳದಿಯಾಯಿತು, ಮೂತ್ರ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು, ಮಲ ಬಿಳಿಚಿತು, ಮೈಯೆಲ್ಲ ತುರಿಕೆ. ಕಾಮಾಲೆಗೆ ನಾಟಿ ಔಷಧಿ ಕೊಡುವವರಲ್ಲಿಗೆ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ಅಷ್ಟರಲ್ಲಿ ಗಡಗಡ ನಡುಗಿಸುವ ಚಳಿಜ್ವರ. ಅತ್ತೆಯ ಮಗ ಮತ್ತೆ ಯಾರನ್ನೂ ಕೇಳದೆ ಮಂಗಳೂರಿಗೆ ಕಾರು ಹೊರಡಿಸಿದ. ಅವನು ಮಾಡಿದ್ದೇ ಸರಿ. ನೋವು, ಹಳದಿ, ಚಳಿಜ್ವರ ಮೂರೂ ಕೂಡಿದರೆ ನಾಳದಲ್ಲಿ ಕಟ್ಟಿ ನಿಂತ ಪಿತ್ತಕ್ಕೆ ಸೋಂಕು ತಗಲಿರುವ ಸಂಭವ ಹೆಚ್ಚು. ಫ್ರಾನ್ಸಿನ ವೈದ್ಯ ಶಾರ್ಕೋ 1877ರಲ್ಲೇ ಇದನ್ನು ಗುರುತಿಸಿದ್ದ.

"ಚೀಲವನ್ನೇ ತೆಗೆದ್ರಲ್ಲ ಡಾಕ್ಟ್ರೇ, ಕಲ್ಲು ಎಲ್ಲಿಂದ ಬಂತು?" ನಾಳದಲ್ಲಿ ಕಲ್ಲಿದೆ ಎಂದಾಗ ಅತ್ತೆ ಕೇಳಿದಳು.

ಡಾಕ್ಟರು ರಿಪೋರ್ಟಿನ ಬೆನ್ನಿಗೆ ಚಿತ್ರ ಬರೆದರು. "ಚೀಲ ಹೋದರೂ ಪಿತ್ತ ಕರುಳಿಗೆ ಇಳಿಯುವ ನಾಳ ಇದ್ದೇ ಇರ್ತದಮ್ಮಾ. ಆಪರೇಷನ್ನಿಗೆ ಮೊದಲೇ ಒಂದು ಕಲ್ಲು ಅಲ್ಲಿಗೆ ಜಾರಿರಬಹುದು. ನಾಳದಲ್ಲೇ ಹೊಸತು ಹುಟ್ಟಲೂಬಹುದು."

ಮತ್ತೆ ಹೊಟ್ಟೆ ಕೊಯ್ಯುತ್ತಾರೆಂದು ಅತ್ತೆ ಹೆದರಿದ್ದಳು. ಒಂದು ಕಾಲದಲ್ಲಿ ಹೆಚ್ಚಾಗಿ ಅದೇ ದಾರಿ. 1974ರಲ್ಲಿ ಜರ್ಮನಿಯ ಕ್ಲಾಸೆನ್ ಮತ್ತು ಡೆಮ್ಲಿಂಗ್, ಅದೇ ಹೊತ್ತಿಗೆ ಜಪಾನಿನ ಕವಾಯ್, ಬಾಯಿಯ ಮೂಲಕವೇ ಕಲ್ಲಿಗೆ ದಾರಿ ಮಾಡಿದರು. ಅವರ ಹೆಸರು ಎಲ್ಲೇ ಕಂಡರೂ ನನಗೆ ಮನಸ್ಸಿನಲ್ಲೇ ಕೈಮುಗಿಯುವಂತಾಗುತ್ತದೆ.

ಮೊದಲು ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್. ಆಮೇಲೆ ಇಆರ್‌ಸಿಪಿ, ಅಂದರೆ ಬಾಯಿಯ ಮೂಲಕ ಮಾಡುವ ಆ ಚಿಕಿತ್ಸೆ. ಮತ್ತು ಬರಿಸಿ, ಪಕ್ಕಕ್ಕೆ ನೋಡುವ ಕ್ಯಾಮೆರಾ ಇರುವ ಕೊಳವೆಯನ್ನು ಜಠರ ದಾಟಿಸಿ ಸಣ್ಣಕರುಳಿನ ಮೊದಲ ತಿರುವಿಗೆ ಒಯ್ಯುತ್ತಾರೆ. ಪಿತ್ತನಾಳ ತೆರೆಯುವುದು ಅಲ್ಲಿ. ಆ ಪುಟ್ಟ ಬಾಯಿಯೊಳಗೆ ತಂತಿ ತೂರಿಸಿ, ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡುತ್ತಾರೆ. ಬಾಯಿಯ ಸ್ನಾಯುವನ್ನು ವಿದ್ಯುತ್ ತಂತಿಯಿಂದ ತುಸುವೇ ಕೊಯ್ದು, ಕಲ್ಲಿನ ಆಚೆಗೆ ಬಲೂನು ದಾಟಿಸಿ, ಉಬ್ಬಿಸಿ ಕೆಳಕ್ಕೆಳೆಯುತ್ತಾರೆ. ಕರುಳಿಗೆ ಬಿದ್ದ ಕಲ್ಲು ತಾನಾಗಿ ಹೊರಹೋಗುತ್ತದೆ. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಕೆಲವರಿಗೆ ಇದೆಯೆಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಆ ರಾತ್ರಿ ಅತ್ತೆ "ಹೊಟ್ಟೆ" ಎಂದಾಗಲೆಲ್ಲ ನಮಗೆ ಎದೆ ಹಾರುತ್ತಿತ್ತು.

ಹಾಗೇನೂ ಆಗಲಿಲ್ಲ. ಬೆಳಿಗ್ಗೆ ಗಂಜಿ ಕುಡಿದಳು. ಹೊಟ್ಟೆಯ ಮೇಲೆ ಹೊಸ ಗಾಯ ಒಂದೂ ಇಲ್ಲ. ಪಿತ್ತ ಸರಾಗವಾಗಿ ಇಳಿಯಲೆಂದು ನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್ ಬಿಟ್ಟಿದ್ದರು. ಅದನ್ನು ಮರೆತರೆ ಅದೇ ಕಟ್ಟಿಕೊಂಡು ಮತ್ತೆ ಹಳದಿ, ಮತ್ತೆ ಜ್ವರ. ತೆಗೆಸುವ ತಾರೀಖನ್ನು ಅತ್ತೆ ತಾನೇ ಕೇಳಿ ಬರೆಸಿಕೊಂಡಳು.